ಎಡಗಡೆ ಕೂತ ಮಾಸ್ತರ

ಲಿಂಗಸುಗೂರಿನ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ ತಾಡಪತ್ರಿ ಎಳೆದು ತೋರಿಸಿದಾಗ ನಾನು ಮೊದಲು ನೋಡಿದ್ದು ಕಾರಿನ ಬಣ್ಣವನ್ನಲ್ಲ, ಸ್ಟೇರಿಂಗನ್ನು. ಅದು ಎಡಗಡೆ ಇತ್ತು. ನಾನು ಸಿಂಧನೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಲಿಯುವವರ ಪಕ್ಕದಲ್ಲಿ, ಎಡಗಡೆ ಸೀಟಿನಲ್ಲಿ ಕೂತು ಕೂತು ನನ್ನ ಸೊಂಟ ಆ ಸೀಟಿನ ಆಕಾರಕ್ಕೇ ಬಂದುಬಿಟ್ಟಿದೆ. ಹಾಗಾಗಿ ಈ ಗಾಡಿ ನನಗಾಗಿಯೇ ಹುಟ್ಟಿದ್ದು ಎಂದು ಆ ಕ್ಷಣಕ್ಕೆ ಅನಿಸಿತು. ಆ ಅನಿಸಿಕೆ ಎಷ್ಟು ತಪ್ಪು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಎರಡೇ ಸೀಟಿನ, ಬಟ್ಟೆ ಚಾವಣಿಯ, ಉದ್ದ ಮೂತಿಯ ಕೆಂಪು ಸ್ಪೋರ್ಟ್ಸ್ ಕಾರು. ಬಹಳ ಹಿಂದೆ ಗಣಿಯ ಕಡೆ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಹಡಗಿನಲ್ಲಿ ತರಿಸಿಕೊಂಡಿದ್ದನಂತೆ. ಹೋಗುವಾಗ ಗಿರಣಿಯ ಮಾಲೀಕರಿಗೆ ಮಾರಿಹೋದ. ಮಾಲೀಕರು ಬದುಕಿರುವ ತನಕ ಅದನ್ನು ಓಡಿಸಿದರು. ಅವರು ತೀರಿಕೊಂಡ ಮೇಲೆ ಹತ್ತಿ ಅಂಡಿಗೆಗಳ ನಡುವೆ ನಿಂತುಬಿಟ್ಟಿತ್ತು. ಈಗ ಗಿರಣಿ ನಡೆಸುವವರು ಅವರ ಹೆಂಡತಿ. ಹಮಾಲರಿಂದ ಹಿಡಿದು ಹತ್ತಿ ತರುವ ರೈತರವರೆಗೆ ಎಲ್ಲರೂ ಅವರನ್ನು ಅಮ್ಮಾರು ಎನ್ನುತ್ತಾರೆ, ಮತ್ತು ಸ್ವಲ್ಪ ದೂರದಲ್ಲೇ ನಿಂತು ಮಾತಾಡುತ್ತಾರೆ.

ನಾನು ಹೋಗಿದ್ದು ಅವರ ಲಾರಿಗೆ ಒಬ್ಬ ಡ್ರೈವರನನ್ನು ಗೊತ್ತುಮಾಡುವ ಮಾತಿಗೆ. ಬಂದ ಕೆಲಸ ಮರೆತು ಕಾರಿನ ಸುತ್ತ ತಿರುಗತೊಡಗಿದೆ. ಹೈದರಾಬಾದಿನ ಹೋಟೆಲ್ ಮಾಲೀಕನೊಬ್ಬ ಅಮಾವಾಸ್ಯೆ ಕಳೆದ ಮೇಲೆ ಲಾರಿ ತೆಗೆದುಕೊಂಡು ಬರುತ್ತಾನೆ, ತನ್ನ ಹೋಟೆಲಿನ ಬಾಗಿಲ ಮುಂದೆ ಶೋಭೆಗೆ ನಿಲ್ಲಿಸುತ್ತಾನಂತೆ ಎಂದು ಅಮ್ಮಾರು ಹೇಳಿದರು. ಹೇಳುವಾಗ ಅವರ ಮುಖ ಹುಳ್ಳಗಾಗಿತ್ತು. ನನಗೆ ಕೊಡಿ, ನಾನು ಓಡಿಸುತ್ತೇನೆ ಎಂದುಬಿಟ್ಟೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿಲ್ಲಸಾಕಂದ್ರ ನನ್ನ ಗೋದಾಮಿಗೇನು ಕಡಿಮಿ ಆಗೈತಿ?" ಎಂದರು. "ನೀವು ಹೊಡೀತೀನಿ ಅಂತೀರಿ. ಹಂಗಾರ ನಿಮ್ಮೂರ ತನಕ ಹೊಡಕೊಂಡು ಹೋಗ್ರಿ. ನಾ ಹಿಂದ ಜೀಪಿನಾಗ ಬರ್ತೀನಿ. ಯಾರು ಊರು ಮುಟ್ಟಸ್ತಾರ, ಗಾಡಿ ಅವ್ರದು. ನಡುವ ಕೆಟ್ಟು ನಿಂತ್ರ ಹಗ್ಗ ಕಟ್ಟಿ ಹಿಂದಕ್ಕ ಎಳಕೊಂಡು ಬರ್ತೀನಿ."

ಬೆಲೆಯ ಮಾತು ಬೇಗ ಮುಗಿಯಿತು. ಹಗ್ಗದ ಮಾತು ಮಾತ್ರ ಸಿಂಧನೂರಿನ ತನಕ ನನ್ನ ಜೊತೆ ಬಂತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸ್ಕೂಲಿನ ಆಫೀಸು ನೋಡಿಕೊಳ್ಳುವವಳು, ಕಲಿಯಲು ಬಂದವರಿಗೆ ರಸ್ತೆ ಫಲಕಗಳ ಪಾಠ ಹೇಳುವವಳು ಅವಳೇ. ಹಿಂದೆ ಸೀಟೇ ಇಲ್ಲದ ಕಾರಿನಲ್ಲಿ ಅಕ್ಕಿ ಚೀಲ ಎಲ್ಲಿಡುವುದು, ಸಾಲಗುಂದದಿಂದ ನಿಮ್ಮ ಅಕ್ಕ ಬಂದರೆ ಎಲ್ಲಿ ಕೂಡಿಸುವುದು ಎಂದು ಕೇಳಿದಳು. ಅಕ್ಕನನ್ನು ಕೂಡಿಸಲು ಬಾರದ ಕಾರು ಎಂಬುದು ಆಮೇಲೆ ಅವಳಿಗೆ ಒಂದು ಗುಣವಾಗಿಯೇ ಕಂಡಿರಬೇಕು. ಮತ್ತೆ ಆ ಪ್ರಶ್ನೆ ಎತ್ತಲಿಲ್ಲ.

ಮಸ್ಕಿಯಿಂದ ಒಬ್ಬ ಮೇಸ್ತ್ರಿಯನ್ನು ಕರೆತಂದೆ. ಜೀಪು, ಟ್ರ್ಯಾಕ್ಟರು ಬಿಟ್ಟು ಬೇರೆ ಮುಟ್ಟಿದವನಲ್ಲ, ಆದರೆ ಮುಟ್ಟಲು ಹೆದರುವವನೂ ಅಲ್ಲ. ಬಾನೆಟ್ ಎತ್ತಿದರೆ ಏರ್ ಫಿಲ್ಟರಿನೊಳಗೆ ಇಲಿಗಳು ಹತ್ತಿ ಹಾಸಿಕೊಂಡು ಸಂಸಾರ ಹೂಡಿದ್ದವು. ಅಷ್ಟು ಮೆತ್ತನೆಯ ಹಾಸಿಗೆ ನಮ್ಮ ಮನೆಯಲ್ಲೂ ಇಲ್ಲ. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಾಗಿತ್ತು. ಟ್ಯಾಂಕು ಇಳಿಸಿ, ಒಳಗೆ ಸಣ್ಣ ಜಲ್ಲಿಕಲ್ಲು, ಸೀಮೆಎಣ್ಣೆ ಹಾಕಿ ಇಬ್ಬರೂ ಎರಡು ಕಡೆ ಹಿಡಿದು ಕುಲುಕಿದೆವು. ಎರಡು ಕಾರ್ಬ್ಯುರೇಟರುಗಳನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ತೂತುಗಳಿಗೆ ಗಾಳಿ ಊದಿ, ಮತ್ತೆ ಕೂಡಿಸಿದೆವು. ಒಂದಕ್ಕೆ ಗಾಳಿ ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಬ್ರೇಕಿನ ರಬ್ಬರುಗಳು ಉಬ್ಬಿಹೋಗಿದ್ದವು. ಜೀಪಿನ ರಬ್ಬರು ಹುಡುಕಿ, ಅಳತೆ ನೋಡಿ, ಹಾಕಿದೆವು. ಫ್ಯಾನ್ ಬೆಲ್ಟು ಮಾತ್ರ ಎಲ್ಲಿಯೂ ಸಿಗದೆ, ಕೊನೆಗೆ ಬತ್ತ ಕೊಯ್ಯುವ ಯಂತ್ರದ ಸಾಮಾನಿನ ಅಂಗಡಿಯಲ್ಲಿ ಅಳತೆಗೆ ಸರಿಯಾದದ್ದು ದೊರೆಯಿತು. ಎಡಗಡೆ ಸ್ಟೇರಿಂಗಿನ ಗಾಡಿಗೆ ಇಂಡಿಕೇಟರ್ ಸರಿಯಾಗಿರಲೇಬೇಕೆಂಬ ಕಾಯಿದೆ ನನಗೆ ಗೊತ್ತು. ಹೊಸ ವೈರು ಎಳೆದು ಅದನ್ನೂ ಹತ್ತಿಸಿದೆ.

ಕೊನೆಯಲ್ಲಿ ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವ ಕೆಲಸ. ಮೇಸ್ತ್ರಿ ಚಕ್ರದ ಹಿಂದೆ ಮಲಗಿ ನಿಪ್ಪಲ್ ಸಡಿಲಿಸುವುದು, ನಾನು ಎಡಗಡೆ ಕೂತು ಪೆಡಲ್ ಒತ್ತಿ ಹಿಡಿಯುವುದು. ಅದನ್ನು ನಾನು ಎಷ್ಟು ಚೆನ್ನಾಗಿ ಮಾಡಿದೆನೆಂದರೆ ಮೇಸ್ತ್ರಿ ಕೆಳಗಿನಿಂದಲೇ ಹೊಗಳಿದ. ನಾನೂ ಉಬ್ಬಿದೆ. ಒತ್ತಿದ್ದು ಬ್ರೇಕ್ ಆದ್ದರಿಂದ ಎಲ್ಲ ಸರಿಹೋಯಿತು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಚಾಲೂ ಆದ ದಿನ ಹಮಾಲರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ ನೀರಿನ ಕಾವು ತೋರಿಸುವ ಮೀಟರಿನ ಮುಳ್ಳನ್ನೇ ನೋಡುತ್ತ ಒಂದು ಮಾತು ಹೇಳಿದ.

"ಓಡೂತನಕ ಚಿಂತಿಲ್ಲ ಸರ್. ಕುಂಟಕೋತ ಹೋದ್ರ ಕಾಯ್ತೈತಿ. ಕಾದಾಗ ಬಂದ್ ಮಾಡಿದ್ರಿ ಅಂದ್ರ ಪೂರಾ ತಣ್ಣಗಾಗೂತನಕ ಚಾಲೂ ಆಗಂಗಿಲ್ಲ."

ಆಯಿತು ಎಂದೆ. ಓಡಿಸುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯೇ ಎಂಬ ಗತ್ತು ನನ್ನದು.

ಗಿರಣಿಯ ಅಂಗಳದಲ್ಲಿ ಒಂದು ಸುತ್ತು ಹಾಕೋಣವೆಂದು ಮೇಸ್ತ್ರಿಯನ್ನು ಬಲಗಡೆ ಕೂಡಿಸಿಕೊಂಡೆ. ಅಮ್ಮಾರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಕನ್ನಡಿ ಸರಿಮಾಡಿ, ಗಂಟಲು ಸರಿಮಾಡಿ, ಗಂಭೀರವಾಗಿ ಹೇಳಿದೆ: ಕ್ಲಚ್ ಒತ್ತು, ಫಸ್ಟ್ ಗೇರ್ ಹಾಕು, ನಿಧಾನಕ್ಕೆ ಬಿಡು. ಗಾಡಿ ಅಲ್ಲಾಡಲಿಲ್ಲ. ಮತ್ತೊಮ್ಮೆ ಸ್ವಲ್ಪ ಜೋರಾಗಿ ಹೇಳಿದೆ. ಮೇಸ್ತ್ರಿ ತನ್ನ ಕಾಲ ಕೆಳಗೆ ನೋಡಿದ, ನನ್ನ ಮುಖ ನೋಡಿದ. ಅವನ ಮುಂದೆ ಬರೀ ಖಾಲಿ ನೆಲ ಇತ್ತು.

ನಾಚಿಕೆಯಾಗಿ ನಾನೇ ಕ್ಲಚ್ ಒತ್ತಿ ಗೇರ್ ಹಾಕಿದೆ. ಕ್ಲಚ್ ಬಿಟ್ಟೆ, ಗಾಡಿ ಒಮ್ಮೆ ಜಿಗಿದು ಸತ್ತಿತು. ಮತ್ತೆ ಚಾಲೂ, ಮತ್ತೆ ಜಿಗಿತ, ಮತ್ತೆ ಸಾವು. ಆಗ ಗೊತ್ತಾಯಿತು, ನನ್ನ ಬಲಗಾಲು ಆಕ್ಸಿಲರೇಟರಿನ ಹತ್ತಿರ ಹೋಗುತ್ತಲೇ ಇಲ್ಲ. ಸ್ಕೂಲಿನ ಗಾಡಿಯಲ್ಲಿ ನನ್ನ ಕಡೆ ಇರುವುದು ಎರಡೇ ಪೆಡಲು, ಕ್ಲಚ್ ಮತ್ತು ಬ್ರೇಕ್. ಬಲಗಡೆ ಕೂತರೆ ನಾನು ಯಾವ ಗಾಡಿಯನ್ನಾದರೂ ಬೆಣ್ಣೆಯಂತೆ ಓಡಿಸಬಲ್ಲೆ. ಎಡಗಡೆ ಕೂತ ಕೂಡಲೇ ನನ್ನ ಕಾಲಿಗೆ ಮೂರನೆಯ ಪೆಡಲ್ ಎಂಬುದೇ ಲೋಕದಲ್ಲಿಲ್ಲ. ಬಾಯಿ ಅಪ್ಪಣೆ ಕೊಡುತ್ತದೆ, ಕಾಲು ಬ್ರೇಕಿನ ಮೇಲೆ ಕಾವಲು ಕೂರುತ್ತದೆ. ಹೇಗೋ ನಾಲ್ಕು ಮಾರು ಮುಂದೆ ಹೋದಾಗ ಮೇಸ್ತ್ರಿ ಬೀಡಿಗಾಗಿ ಜೇಬಿಗೆ ಕೈ ಹಾಕಿದ. ಬಲಗಡೆಯವನು ಸ್ಟೇರಿಂಗ್ ಬಿಟ್ಟನೆಂದು ತಿಳಿದು ನನ್ನ ಕಾಲು ಬ್ರೇಕನ್ನು ತುಳಿದೇಬಿಟ್ಟಿತು. ಅವನ ಹಣೆ ಮುಂದಿನ ಗಾಜಿಗೆ ಬಡಿಯಿತು.

ಅಂಡಿಗೆಗಳ ಹತ್ತಿರ ನಿಂತಿದ್ದ ಲಾರಿ ಡ್ರೈವರ್ ಆಮೇಲೆ ನಾನೇ ಗೊತ್ತುಮಾಡಿಕೊಟ್ಟವನು, ನನ್ನ ಹತ್ತಿರವೇ ಕಲಿತವನು. ಅವನು ಮೆಲ್ಲಗೆ ಬಂದು, ಸರ್, ಸ್ವಲ್ಪ ಆಕ್ಸಿಲರೇಟರ್ ಕೊಡ್ರಿ ಎಂದ. ಅವನಿಗೆ ಅದನ್ನು ಕಲಿಸಿದವನು ನಾನು. ಮೈಯೆಲ್ಲ ಉರಿದುಹೋಯಿತು. ಅಮ್ಮಾರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಮಾವಾಸ್ಯೆಗೆ ಇನ್ನೂ ಸ್ವಲ್ಪ ದಿನವಿದೆ, ಹೋಗಿ ಅಭ್ಯಾಸ ಮಾಡಿ ಬನ್ನಿ ಎಂದು ಎದ್ದು ಒಳಗೆ ಹೋದರು.

ಅಭ್ಯಾಸ ಮಾಡುವುದಾದರೂ ಹೇಗೆ? ಸ್ಕೂಲಿನ ಗಾಡಿಯಲ್ಲಿ ಎಡಗಡೆ ಕೂತರೆ ಎರಡೇ ಪೆಡಲು, ಬಲಗಡೆ ಕೂತರೆ ಅಭ್ಯಾಸವೇ ಬೇಕಿಲ್ಲ. ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಮುಂದೆ ಮೂರು ಚಪ್ಪಲಿ ಸಾಲಾಗಿ ಇಟ್ಟು ತುಳಿಯಲು ಶುರುಮಾಡಿದೆ. ಕೈಯಲ್ಲಿ ಊಟದ ತಟ್ಟೆಯೇ ಸ್ಟೇರಿಂಗ್. ಬಾಯಲ್ಲಿ ಕ್ಲಚ್, ಗೇರ್ ಎಂದು ಹೇಳಿಕೊಳ್ಳುತ್ತಿದ್ದೆ. ಹೇಳುವುದು ಮುಗಿಯುವಷ್ಟರಲ್ಲಿ ಕಾಲು ನಡುವಿನ ಚಪ್ಪಲಿ ಹುಡುಕಿಕೊಂಡು ಹೋಗುತ್ತಿತ್ತು. ಹಿಟ್ಟು ನಾದುತ್ತಿದ್ದ ಹೆಂಡತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ನಂತರ ಬಂದು ನನ್ನ ಬಲಗಡೆ ನಿಂತು, ಥೇಟ್ ನನ್ನದೇ ದನಿಯಲ್ಲಿ, "ಕ್ಲಚ್" ಎಂದಳು.

ನನ್ನ ಎಡಗಾಲು ತಾನಾಗಿ ಕೆಳಗಿಳಿಯಿತು. "ಗೇರ್. ಎಕ್ಸಿಲೇಟರ್ ನಿಧಾನ" ಎಂದಳು. ಬಲಗಾಲು ಮೂರನೆಯ ಚಪ್ಪಲಿಯ ಮೇಲೆ ಹೋಗಿ ಕೂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಪ್ಪಣೆ ಕೊಡುವ ಕೆಲಸ ಬೇರೆಯವರು ವಹಿಸಿಕೊಂಡರೆ ನನ್ನ ಕಾಲುಗಳು ಕಲಿಯುವವನ ಕಾಲುಗಳಾಗುತ್ತಿದ್ದವು. ನನ್ನ ಪಾಠವನ್ನು ಆಫೀಸಿನ ಕಿಟಕಿಯಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ದಿನಾ ಸಂಜೆ ಹೀಗೆ ನಡೆಯಿತು. ರೊಟ್ಟಿ ಬೇಯುವ ನಡುವೆ ನಾನು ಸೆಕೆಂಡ್ ಗೇರಿಗೆ ಬರುತ್ತಿದ್ದೆ.

ಲಿಂಗಸುಗೂರಿಗೆ ಅವಳೂ ಬರಬೇಕಾಯಿತು. ಬರುತ್ತೇನೆ, ಆದರೆ ಗಾಡಿ ಹೊರಟ ಮೇಲೆ ನೀವು ಬಾಯಿ ತೆರೆಯಬಾರದು ಎಂಬುದು ಅವಳ ಷರತ್ತು. ಇದು ಅಮ್ಮಾರ ಷರತ್ತಿಗಿಂತ ಕಠಿಣವಾಗಿತ್ತು. ಬೇರೆ ದಾರಿ ಇರಲಿಲ್ಲ.

ಹೊರಟಿದ್ದು ಮುಂಜಾನೆ ತಂಪಿನಲ್ಲಿ, ಬಟ್ಟೆ ಚಾವಣಿ ಹಿಂದಕ್ಕೆ ಮಡಚಿ. ಹೆಂಡತಿ ಬಲಗಡೆ ಕೂತು ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಮಾತು ಹೇಳಿದಳು, ನಾನು ಮಾಡಿದೆ, ಗಾಡಿ ಅಂಗಳದಿಂದ ಹೂವೆತ್ತಿದಂತೆ ಹೊರಬಂತು. ಹಮಾಲರು ನಂಬಲಾಗದೆ ನಿಂತರು. ಹಿಂದೆ ಅಮ್ಮಾರ ಜೀಪು. ಕನ್ನಡಿಯಲ್ಲಿ ಅವರು ಕಾಣುತ್ತಿದ್ದರು. ಅವರ ಮುಂದೆ ಗಾಜಿಗೊರಗಿಸಿ ಸುತ್ತಿಟ್ಟ ಹಗ್ಗವೂ ಕಾಣುತ್ತಿತ್ತು.

ಊರು ದಾಟಿದ ಮೇಲೆ ಇನ್ನೊಂದು ಸಮಸ್ಯೆ ಎದುರಾಯಿತು. ನಮ್ಮ ರಸ್ತೆಯಲ್ಲಿ ಎಡಗಡೆ ಕೂತವನಿಗೆ ಮುಂದಿನ ಲಾರಿಯ ಆಚೆ ಏನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂದು ನೋಡಬೇಕಾದವಳು ಬಲಗಡೆ ಕೂತವಳು. ಅವಳು ಬಾಗಿಲಿನಿಂದ ಹೊರಗೆ ಬಾಗಿ ನೋಡಿ, ಹಿಂದಿನವರಿಗೆ ಕೈ ತೋರಿಸಿ, ಹೋಗಿ ಎನ್ನಬೇಕು, ನಾನು ಹೋಗಬೇಕು. ನನಗೆ ಇದು ಸರಿಬೀಳಲಿಲ್ಲ. ಬಲಗಡೆ ಕೂತವರನ್ನು ನಂಬಿದ್ದರೆ ನಾನು ಇಷ್ಟು ಕಾಲ ಬದುಕಿ ಉಳಿಯುತ್ತಿರಲಿಲ್ಲ. ಹಾಗಾಗಿ ಯಾರನ್ನೂ ದಾಟದೆ, ಎಲ್ಲರ ಹಿಂದೆ ಸಭ್ಯನಂತೆ ಹೋದೆ. ಅವಳು ಎರಡು ಸಲ ಹೋಗಿ ಎಂದಳು, ನಾನು ಕೇಳಿಸದವನಂತೆ ಇದ್ದೆ. ಅವಳ ಮುಖ ದಪ್ಪಗಾಯಿತು.

ಸಂತೆಕಲ್ಲೂರಿನ ಬಸ್ ನಿಲ್ದಾಣದ ಹತ್ತಿರ ಜನ ಎದ್ದು ನಿಂತರು. ಅವರು ನೋಡಿದ್ದು ಬಲಗಡೆ ಕೂತ ನನ್ನ ಹೆಂಡತಿಯನ್ನು. ಡ್ರೈವರ್ ಜಾಗದಲ್ಲಿ ಒಬ್ಬ ಹೆಂಗಸು, ಕೈ ಕಟ್ಟಿ ಕೂತಿದ್ದಾಳೆ, ಸ್ಟೇರಿಂಗ್ ಇಲ್ಲ, ಗಾಡಿ ಹೋಗುತ್ತಿದೆ. ಒಬ್ಬ ಮುದುಕ ಕೈ ಮುಗಿದ. ಜನ ತುಂಬಿಸಿಕೊಂಡ ಆಟೋದವನು ನಮ್ಮನ್ನೇ ನೋಡುತ್ತ ತನ್ನ ಗಾಡಿಯನ್ನು ಜೋಳದ ಹೊಲಕ್ಕೆ ಇಳಿಸಿದ. ಎಡಗಡೆ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದ ನನ್ನನ್ನು ಯಾರೂ ಗಮನಿಸಲಿಲ್ಲ.

ಮಸ್ಕಿಯಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ನೇರ ಬಲಗಡೆ ಬಂದು ಹೆಂಡತಿಯನ್ನು ಲೈಸೆನ್ಸ್ ಕೇಳಿದರು. ಅವಳ ಹತ್ತಿರ ಲೈಸೆನ್ಸ್ ಇದೆ, ಬಹಳ ಹಿಂದೆಯೇ ಪಡೆದಿದ್ದಾಳೆ. ಅವಳು ಚೀಲದಿಂದ ತೆಗೆದು ಕೊಟ್ಟಳು. ಅವರು ಓದಿ, ಸರಿ ಇದೆ ಅಮ್ಮಾ, ಹುಷಾರಾಗಿ ಹೋಗಿ ಎಂದು ಬಿಟ್ಟರು. ನನ್ನ ಜೇಬಿನಲ್ಲಿ ಲೈಸೆನ್ಸ್ ಅಲ್ಲದೆ ಲೈಸೆನ್ಸ್ ಕೊಡಿಸುವವನ ಗತ್ತೂ ಇತ್ತು. ಎರಡನ್ನೂ ಯಾರೂ ಕೇಳಲಿಲ್ಲ. ಬಾಯಿ ತೆರೆಯಬಾರದೆಂಬ ಷರತ್ತು ನೆನಪಾಗಿ ಸುಮ್ಮನಿದ್ದೆ.

ಮಸ್ಕಿ ದಾಟಿ ಕಾಲುವೆ ನೀರಿನ ಊರುಗಳು ಶುರುವಾಗುವಲ್ಲಿ ನಿಜವಾದ ಗಂಡಾಂತರ ಕಾದಿತ್ತು. ಬತ್ತದ ಸುಗ್ಗಿ. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರ್. ಹುಲ್ಲು ಟ್ರೇಲರಿನ ಎರಡೂ ಕಡೆ ಇಳಿಬಿದ್ದು ರಸ್ತೆಯ ಅರ್ಧ ಭಾಗ ನುಂಗಿತ್ತು. ಅದು ನಡೆಯುವವರ ವೇಗದಲ್ಲಿ ಹೋಗುತ್ತಿತ್ತು, ನಾವು ಅದರ ಹಿಂದೆ. ಬಿಸಿಲೂ ಏರಿತ್ತು. ನೀರಿನ ಮುಳ್ಳು ಎದ್ದು ಕೆಂಪು ಗೆರೆಯ ಕಡೆ ಹೊರಟಿತು. ಬಾನೆಟ್ ಸಂದಿಯಿಂದ ಬಿಸಿ ರಬ್ಬರಿನ ವಾಸನೆ ಬಂತು.

ಹೀಗೇ ಹೋದರೆ ನೀರು ಕುದಿಯುತ್ತದೆ. ನಿಲ್ಲಿಸಿ ಬಂದ್ ಮಾಡಿದರೆ ಮೇಸ್ತ್ರಿ ಹೇಳಿದಂತೆ ಮತ್ತೆ ಚಾಲೂ ಆಗುವುದಿಲ್ಲ, ಹಿಂದಿನ ಜೀಪಿನಿಂದ ಹಗ್ಗ ಇಳಿಯುತ್ತದೆ. ದಾಟಬೇಕೆಂದರೆ ನನ್ನ ಕಣ್ಣಿಗೆ ಹುಲ್ಲು ಬಿಟ್ಟು ಬೇರೇನೂ ಇಲ್ಲ. ಕಾರು ಕೈತಪ್ಪುತ್ತದೆಂಬ ಹೆದರಿಕೆಯ ಜೊತೆಗೆ ಇಬ್ಬರೂ ಬಸ್ಸಿನ ಕೆಳಗೆ ಹೋಗುತ್ತೇವೆಂಬ ಹೆದರಿಕೆಯೂ ಸೇರಿ, ಬಲಗಾಲು ಮತ್ತೆ ಬ್ರೇಕಿನ ಮೇಲೆ ಹೋಗಿ ಕೂತಿತು.

ಹೆಂಡತಿ ಮೀಟರ್ ನೋಡಿದಳು. ಬಾಗಿಲಿನ ಮೇಲೆ ಮೊಣಕೈಯೂರಿ ಅರ್ಧ ಮೈ ಹೊರಗೆ ಹಾಕಿದಳು. ನಾನು ಇಂಡಿಕೇಟರ್ ಹಾಕಿ, ಗಾಡಿಯನ್ನು ಒಂದು ಗೇಣಷ್ಟು ಬಲಕ್ಕೆ ತಂದೆ. "ತಡೀರಿ" ಎಂದಳು. ತಡೆದೆ. ಎಲ್ಲಿಂದಲೋ ಒಂದು ಬಸ್ಸು ಬಂದು ನಮ್ಮ ಪಕ್ಕದಲ್ಲಿ ಬುಸ್ ಎಂದು ಹೋಯಿತು. ಅದು ಪಕ್ಕಕ್ಕೆ ಬರುವವರೆಗೂ ನನಗೆ ಕಂಡಿರಲೇ ಇಲ್ಲ. ಅವಳಿಗೆ ಕಂಡಿತ್ತು.

"ಈಗ ಹೋಗ್ರಿ" ಎಂದಳು. ನನ್ನ ಕಾಲು ಬ್ರೇಕ್ ಬಿಡಲಿಲ್ಲ. ಅವಳು ತಲೆ ಒಳಗೆ ತಂದು ನನ್ನನ್ನು ನೋಡಿದಳು.

"ಸಾಯೂದಾದ್ರ ನಾನೂ ಇದ್ರಾಗ ಕುಂತೀನಲ್ರಿ. ಹೋಗ್ರಿ."

ಹೋದೆ. ಕಣ್ಣಿಗೆ ಏನೂ ಕಾಣದೆ, ಬರೀ ಅವಳ ಮಾತಿನ ಮೇಲೆ, ಮೂರನೆಯ ಪೆಡಲನ್ನು ತಳದವರೆಗೆ ತುಳಿದೆ. ಇಷ್ಟು ದಿನ ಕೆಮ್ಮುತ್ತಿದ್ದ ಎಂಜಿನ್ ಗಂಟಲು ಬಿಟ್ಟು ಕೂಗಿತು, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಎಡಗಡೆ ಹುಲ್ಲು ನನ್ನ ಕಿವಿ ಸವರುತ್ತ ಹೋಯಿತು, ಹುಲ್ಲಿನ ಮೇಲೆ ಮಲಗಿದ್ದ ಕೂಲಿಯವನೊಬ್ಬ ಎದ್ದು ಕೂತ, ಟ್ರ್ಯಾಕ್ಟರಿನವನ ತೆರೆದ ಬಾಯಿ ಕಂಡಿತು, ಆಮೇಲೆ ಮುಂದೆ ಖಾಲಿ ರಸ್ತೆ. ಎರಡೂ ಕಡೆ ಕೊಯ್ದ ಗದ್ದೆಗಳು. ತಂಪು ಗಾಳಿ ಹೊಕ್ಕು ಮುಳ್ಳು ಇಳಿಯತೊಡಗಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಷರತ್ತು ಮರೆತು ಜೋರಾಗಿ ನಕ್ಕೆ. ಅವಳ ಜಡೆ ಬಿಚ್ಚಿಹೋಗಿ ಕೂದಲೆಲ್ಲ ಮುಖದ ಮೇಲೆ ಹಾರುತ್ತಿತ್ತು. ಅದನ್ನು ಸರಿಸಲೂ ಇಲ್ಲ. ಮುಂದೆ ದೂರದಲ್ಲಿ ಕಾಣುತ್ತಿದ್ದ ಇನ್ನೊಂದು ಲಾರಿಯನ್ನು ತೋರಿಸಿ, ಅದನ್ನೂ ದಾಟಿ ಎಂದಳು. ಸಿಂಧನೂರು ಬರುವವರೆಗೆ ನಾವು ಯಾರನ್ನೂ ಬಿಡಲಿಲ್ಲ. ಅವಳು ತಡೆಯಿರಿ ಎಂದಾಗ ತಡೆದೆ, ಹೋಗಿ ಎಂದಾಗ ಹೋದೆ. ಎರಡನೆಯ ಸಲ ಕೇಳಲಿಲ್ಲ.

ನಮ್ಮ ಸ್ಕೂಲಿನ ಮುಂದೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಸ್ವಲ್ಪ ಹೊತ್ತಿಗೆ ಜೀಪೂ ಬಂತು. ಅಮ್ಮಾರು ಹಗ್ಗವನ್ನು ಜೀಪಿನಲ್ಲೇ ಬಿಟ್ಟು ಇಳಿದರು. ಕಾರಿನ ಮೂತಿಯ ಮೇಲೆ ಕೈಯಿಟ್ಟು ನೋಡಿದರು, ಬಿಸಿ ತಗುಲಿ ಕೈ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಇಷ್ಟು ಜೋರಾಗಿ ಅದು ಹೋಗಿದ್ದನ್ನು ನೋಡಿ ಎಷ್ಟೋ ಕಾಲವಾಯಿತು ಎಂದರು. ತಮ್ಮ ಹತ್ತಿರವೇ ಇಟ್ಟುಕೊಂಡಿದ್ದ ಕಾರಿನ ಇನ್ನೊಂದು ಕೀಲಿ ತೆಗೆದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ, ಸುತ್ತು ಹಾಕಿ, ಬಲಗಡೆಗೆ ಹೋದರು.

"ಯಾರು ಊರು ಮುಟ್ಟಸ್ತಾರ ಅವ್ರದು ಅಂದಿದ್ನಲ್ಲ. ಹಿಂದಿಂದ ಎಲ್ಲಾ ನೋಡೀನಿ ಮಾಸ್ತರ. ನೀವು ಸ್ಟೇರಿಂಗ್ ತಿರುವೀರಿ. ಗಾಡಿ ತಂದಾಕಿ ಈಕಿ. ತಗೋ ತಂಗಿ."

ನಾನು ಹೆಂಡತಿಯ ಕಡೆ ನೋಡಿದೆ. ಛೆ ಛೆ, ನಮ್ಮ ಯಜಮಾನರ ಹೆಸರಿಗೇ ಇರಲಿ ಎನ್ನುತ್ತಾಳೆಂದು ಕಾದೆ. ಅವಳು ಎರಡೂ ಕೈಯಿಂದ ಕೀಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ನನಗೆ ಕೋಪ ಬಂತು, ನಿಜವಾಗಿಯೂ ಬಂತು. ಟ್ಯಾಂಕು ಕುಲುಕಿದ ತೋಳು ಇನ್ನೂ ನೋಯುತ್ತಿತ್ತು. ಜಗಳ ತೆಗೆಯಬೇಕೆಂದು ಅವಳ ಮುಖ ನೋಡಿದರೆ, ಮದುವೆಯಾದಾಗಿನಿಂದ ನಾನು ಕಂಡಿರದ ಒಂದು ಕಳೆ ಅಲ್ಲಿತ್ತು. ಹುಲ್ಲಿನ ಆಚೆ ನೋಡಿದವಳು ಅವಳು.

ಅಷ್ಟರಲ್ಲಿ ಜನ ಕೂಡಿದ್ದರು. ಎದುರಿನ ಚಹಾದಂಗಡಿಯವನು ಕೈ ಒರೆಸಿಕೊಳ್ಳುತ್ತ ಬಂದು ಕಾರನ್ನು ಸುತ್ತಿ ನೋಡಿ, "ಮಾಸ್ತರ, ಗಾಡಿ ನಿಮ್ದೇನ್ರಿ?" ಎಂದು ಕೇಳಿದ. ಈ ಪ್ರಶ್ನೆಗೆ ಹೇಗೆ ನಿಂತು, ಯಾವ ದನಿಯಲ್ಲಿ ಉತ್ತರ ಕೊಡಬೇಕೆಂದು ಎಷ್ಟೋ ದಿನಗಳಿಂದ ಮನಸ್ಸಿನಲ್ಲೇ ತಾಲೀಮು ಮಾಡಿದ್ದೆ.

"ನಮ್ಮ ಮನಿಯವ್ರದು" ಎಂದೆ. "ನಾ ಹೊಡ್ಯಾಂವ ಅಷ್ಟ."

"ಹೊಡಿಯೂದು ಇನ್ನೂ ಕಲ್ಯಾಕತ್ಯಾರ" ಎಂದಳು ಅವಳು ಬಲಗಡೆಯಿಂದ, ಜಡೆ ಹೆಣೆದುಕೊಳ್ಳುತ್ತ.